ತೂತಿಲ್ಲದ ಅತ್ತಿ ಹಣ್ಣಿನೊಳಗೆ ಹುಳು ಹೋಗಿದ್ದು ಹೇಗೆ?

ನಮ್ಮ ಬೀದಿಯ ಕೊನೆಯಲ್ಲಿ ಒಂದು ಅತ್ತಿ ಮರ ಇದೆ. ವರ್ಷದಲ್ಲಿ ಎರಡು ಮೂರು ಸಲ ಅದರ ಬೊಡ್ಡೆಗೇ ಗೊಂಚಲು ಗೊಂಚಲಾಗಿ ಕಾಯಿ ಹಿಡಿಯುತ್ತದೆ. ಹಣ್ಣಾಗಿ ಉದುರಿತೆಂದರೆ ರಸ್ತೆಯೆಲ್ಲ ಪಿಚಪಿಚ. ಅಲ್ಲಿ ಸ್ಕೂಟರ್ ನಿಲ್ಲಿಸುವವರು ಮರಕ್ಕೆ ದಿನಾ ಬೈಯುತ್ತಾರೆ. ಹೋದ ವಾರ ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿ ಬೊಡ್ಡೆಯಿಂದ ಒಂದು ಅರೆಗೆಂಪು ಕಾಯಿ ಕಿತ್ತುಕೊಂಡು ಬಂದಳು. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಮುಂದೆಯೇ ಎರಡು ಹೋಳು ಮಾಡಿದಳು.

ಒಳಗಿಂದ ಎಳ್ಳಿನಷ್ಟೂ ಇಲ್ಲದ ಕಪ್ಪು ಹುಳುಗಳು ಬುಳುಬುಳು ಅಂತ ಹೊರಬಂದವು. ಒಂದೆರಡು ಅವಳ ಹೆಬ್ಬೆರಳ ಮೇಲೆ ಹತ್ತಿ, ರೆಕ್ಕೆ ಬಿಡಿಸಿ, ಹಾರಿಯೇ ಹೋದವು.

"ಅಂಕಲ್, ಇದಕ್ಕೆ ಎಲ್ಲೂ ತೂತೇ ಇರ್ಲಿಲ್ಲ. ನಾನು ನೋಡ್ದೆ. ಹುಳ ಒಳಗೆ ಹೋಗಿದ್ದು ಹೇಗೆ?"

ಒಳ್ಳೆಯ ಪ್ರಶ್ನೆ. ಅತ್ತಿ ಹಣ್ಣು ಅಂದ ತಕ್ಷಣ ನಮ್ಮ ಬಾಯಿಗೆ ಬರುವುದು "ಹೊರಗೆ ಥಳುಕು, ಒಳಗೆ ಹುಳುಕು" ಅನ್ನುವ ಮಾತು. ಮಾತು ಮುಗಿಯಿತು, ಹಣ್ಣು ಎಸೆದಾಯಿತು. ಈ ಹುಡುಗಿ ಮಾತ್ರ ಮೊದಲು ತೂತು ಹುಡುಕಿದ್ದಳು.

ಉತ್ತರ ಒಂದೇ ಸಾಲಿನಲ್ಲಿ ಬೇಕೆಂದರೆ ಹೀಗೆ: ಆ ಹುಳುಗಳು ಒಳಗೆ ಹೋಗಲೇ ಇಲ್ಲ, ಅಲ್ಲೇ ಹುಟ್ಟಿದವು. ಒಳಗೆ ಹೋಗಿದ್ದು ಅವುಗಳ ತಾಯಿ. ಅದೂ ಈ ಕಾಯಿ ಇನ್ನೂ ಹೂವಾಗಿದ್ದಾಗ. ಈ ಒಂದು ಸಾಲನ್ನು ಬಿಡಿಸಲು ಹೊರಟರೆ ಮರದ ಇಡೀ ಸಂಸಾರವೇ ಹೊರಗೆ ಬರುತ್ತದೆ.

ಮೊದಲು ಹೂವಿನ ವಿಷಯ. ಅತ್ತಿ ಮರದಲ್ಲಿ ಹೂವನ್ನು ಯಾರಾದರೂ ನೋಡಿದ್ದೀರಾ? ಅತ್ತಿ ಇರಲಿ, ಆಲ, ಅರಳಿ, ಬಸರಿ ಯಾವುದರಲ್ಲೂ ನೋಡಿರುವುದಿಲ್ಲ. ಹೂವೇ ಬಿಡದೆ ಹಣ್ಣು ಬಿಡುವ ಮರಕ್ಕೆ ಹಳೆಯ ಸಂಸ್ಕೃತದಲ್ಲಿ ಬೇರೆ ಹೆಸರೇ ಇತ್ತು: ವನಸ್ಪತಿ. ಅಮರಕೋಶ ಹೇಳುವುದು ಹಾಗೆ. ಹೂವಿನಿಂದ ಹಣ್ಣಾಗುವುದು ವಾನಸ್ಪತ್ಯ, ಹೂವಿಲ್ಲದೆ ಹಣ್ಣಾಗುವುದು ವನಸ್ಪತಿ. ನಾವು ಆ ಪದವನ್ನು ಡಾಲ್ಡಾ ಡಬ್ಬಿಯ ಮೇಲೆ ಅಂಟಿಸಿಬಿಟ್ಟೆವು, ಅದು ಬೇರೆ ಕಥೆ. ಅದೇ ಅಮರಕೋಶ ಅತ್ತಿಗೆ ಕೊಡುವ ಹೆಸರುಗಳಲ್ಲಿ ಒಂದು "ಜಂತುಫಲ", ಅಂದರೆ ಹುಳುವಿನ ಹಣ್ಣು. ಹುಳು ಇರುವುದು ಆಗಿನವರಿಗೂ ಗೊತ್ತಿತ್ತು, ಹೂವು ಕಾಣದಿರುವುದೂ ಗೊತ್ತಿತ್ತು. ಎರಡಕ್ಕೂ ನಂಟಿದೆ ಅನ್ನುವುದು ಮಾತ್ರ ತಿಳಿದಿರಲಿಲ್ಲ.

ಹೂವು ಇದೆ. ಒಳಗಿದೆ. ಸೂರ್ಯಕಾಂತಿಯನ್ನು ನೆನಪು ಮಾಡಿಕೊಳ್ಳಿ. ನಾವು ಒಂದು ಹೂವು ಅನ್ನುತ್ತೇವೆ, ಆದರೆ ಅದು ತಟ್ಟೆಯ ಮೇಲೆ ಒತ್ತೊತ್ತಾಗಿ ಜೋಡಿಸಿದ ನೂರಾರು ಪುಟ್ಟ ಹೂವುಗಳ ಗುಂಪು. ಈಗ ಆ ತಟ್ಟೆಯ ಅಂಚನ್ನು ಸುತ್ತಲಿಂದ ಮೇಲೆತ್ತಿ, ವಸ್ತ್ರದ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟುವ ಹಾಗೆ ಒಟ್ಟಿಗೆ ಸೇರಿಸಿ. ಹೂವುಗಳೆಲ್ಲ ಗಂಟಿನ ಒಳಗೆ ಹೋದವು ಅಲ್ವಾ? ಅತ್ತಿ ಕಾಯಿ ಅಂದರೆ ಅದೇ ಗಂಟು. ಗಂಟಿನ ಒಳಗೋಡೆಯ ತುಂಬ ಸಾವಿರಗಟ್ಟಲೆ ಹೂವುಗಳು ಒಳಮುಖವಾಗಿ, ಕತ್ತಲಲ್ಲಿ ಅರಳಿರುತ್ತವೆ. ಹಲಸು ಇದರ ಹತ್ತಿರದ ಬಳಗ. ಹಲಸಿನಲ್ಲಿ ಹೂವುಗಳು ಗುಂಡಿನ ಹೊರಗಿವೆ, ಅತ್ತಿಯಲ್ಲಿ ಒಳಗಿವೆ, ಅಷ್ಟೇ ವ್ಯತ್ಯಾಸ. ಎರಡಕ್ಕೂ ಗಾಯ ಮಾಡಿದರೆ ಹಾಲು ಸುರಿಯುವುದು ಅದೇ ಮನೆತನದ ಗುರುತು.

ಗಂಟು ಕಟ್ಟಿದ ಜಾಗದಲ್ಲಿ ಒಂದು ಬಾಯಿ ಉಳಿಯಬೇಕಲ್ಲ? ಉಳಿದಿದೆ. ತೊಟ್ಟಿಗೆ ಎದುರಿನ ತುದಿಯಲ್ಲಿ ಚಿಕ್ಕ ಬೊಟ್ಟಿನಂಥ ಗುರುತು ನೋಡಿ. ಅದೇ ಬಾಗಿಲು. ಪುಟ್ಟ ಪುಟ್ಟ ಚಿಪ್ಪುಗಳು ಒಂದರ ಮೇಲೊಂದು ಮುಚ್ಚಿಕೊಂಡು ಅದನ್ನು ಬಿಗಿ ಮಾಡಿರುತ್ತವೆ. ಹುಡುಗಿ ತೂತಿಲ್ಲ ಅಂದಿದ್ದು ತಪ್ಪಲ್ಲ. ಅವಳ ಕೈಗೆ ಬರುವ ಹೊತ್ತಿಗೆ ಆ ಬಾಗಿಲು ಮುಚ್ಚಿ ವಾರಗಳೇ ಆಗಿತ್ತು.

ಈಗ ತಾಯಿಯ ಕಥೆ. ಅದು ಒಂದು ಕಣಜ. ಭತ್ತ ತುಂಬುವ ಕಣಜ ಅಲ್ಲ, ಕುಟುಕುವ ಕಣಜದ ಜಾತಿ. ಆದರೆ ಉದ್ದ ಎರಡು ಮಿಲಿಮೀಟರ್ ಆಸುಪಾಸು, ನಮ್ಮನ್ನು ಕುಟುಕುವ ಗೋಜಿಗೆ ಹೋಗುವುದಿಲ್ಲ. ನಮ್ಮ ಅತ್ತಿ ಮರಕ್ಕೆ ಬರುವ ಕಣಜದ ಹೆಸರು ಸೆರಟೋಸೋಲನ್ ಫ್ಯೂಸಿಸೆಪ್ಸ್. ಆಲದ ಕಣಜ ಬೇರೆ, ಅರಳಿಯ ಕಣಜ ಬೇರೆ. ಜಗತ್ತಿನಲ್ಲಿ ಈ ಕುಲದ ಮರಗಳು 750ಕ್ಕೂ ಹೆಚ್ಚು ಜಾತಿಯವು ಇವೆ. ಹೆಚ್ಚಿನವಕ್ಕೆ ತಮ್ಮ ತಮ್ಮದೇ ಕಣಜ ಇದೆ.

ಒಳಗಿನ ಹೆಣ್ಣು ಹೂವುಗಳು ಅರಳಿದಾಗ ಕಾಯಿ ಒಂದು ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಅದು ಲೆಕ್ಕಕ್ಕಿಲ್ಲ. ಗಾಳಿಯಲ್ಲಿ ತೇಲುತ್ತಿರುವ ಹೆಣ್ಣು ಕಣಜಕ್ಕೆ ಅದೇ ವಿಳಾಸ. ಅದು ಬಂದು ಕಾಯಿಯ ಮೇಲೆ ಇಳಿದು, ಬಾಗಿಲು ಹುಡುಕಿ, ಚಿಪ್ಪುಗಳ ನಡುವೆ ತಲೆ ತೂರಿಸುತ್ತದೆ. ಅದರ ತಲೆ ಚಪ್ಪಟೆ, ಹೀಗೆ ತೂರಲೆಂದೇ ಮಾಡಿಸಿದ ಹಾಗಿದೆ. ಆದರೂ ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆಗಳು ಹರಿದು ಹೊರಗೇ ಉಳಿಯುತ್ತವೆ. ಮೀಸೆಯ ತುದಿಗಳೂ ಮುರಿಯುತ್ತವೆ. ಕೈಯಲ್ಲೊಂದು ಭೂತಗನ್ನಡಿ ಇದ್ದರೆ ಆ ಹೊತ್ತಿನ ಕಾಯಿಯ ಬಾಯಲ್ಲಿ ಸಿಕ್ಕಿಕೊಂಡಿರುವ ರೆಕ್ಕೆ ಕಾಣುತ್ತದೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಹಾಗೆ. ಒಂದೇ ಬದಲಾವಣೆ, ಈ ಚಪ್ಪಲಿಯನ್ನು ಮತ್ತೆ ಹಾಕಿಕೊಳ್ಳಲು ಯಾರೂ ಹೊರಗೆ ಬರುವುದಿಲ್ಲ.

ಒಳಗೆ ಅದಕ್ಕೆ ಎರಡು ಕೆಲಸ. ಮೊದಲನೆಯದು ಮೊಟ್ಟೆ ಇಡುವುದು. ಹೂವಿನ ಮೇಲೆ ನಿಂತು, ಅದರ ಕೊಳವೆಯೊಳಗೆ ತನ್ನ ಸೂಜಿಯಂಥ ಅಂಗವನ್ನು ಇಳಿಸಿ, ತಳದಲ್ಲಿರುವ ಅಂಡಾಶಯಕ್ಕೆ ಒಂದು ಮೊಟ್ಟೆ. ಒಂದು ಹೂವಿಗೆ ಒಂದೇ ಮರಿ. ಎರಡನೆಯದು ಪರಾಗ ಹಾಕುವುದು. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಜೇನುಹುಳು ಹೂವಿಂದ ಹೂವಿಗೆ ಹೋಗುವಾಗ ಮೈಗೆ ಅಂಟಿದ ಪರಾಗ ತಾನಾಗಿ ಉದುರುತ್ತದೆ, ಹುಳಕ್ಕೆ ಅದರ ಗಮನವೇ ಇಲ್ಲ. ಅತ್ತಿ ಕಣಜ ಹಾಗಲ್ಲ. ಅದರ ಎದೆಯ ಕೆಳಗೆ ಎರಡು ಜೇಬುಗಳಿವೆ. ಹುಟ್ಟಿದ ಕಾಯಿಯಿಂದ ಹೊರಡುವಾಗಲೇ ಪರಾಗ ಬಾಚಿ ಜೇಬಿಗೆ ತುಂಬಿಕೊಂಡು ಬಂದಿರುತ್ತದೆ. ಇಲ್ಲಿ ಮುಂಗಾಲಿನಿಂದ ಜೇಬಿನಿಂದ ತೆಗೆದು ಹೂವಿನ ತುದಿಗೆ ಸವರುತ್ತದೆ. ಕುಂಕುಮದ ಭರಣಿಯಿಂದ ಚಿಟಿಕೆ ತೆಗೆದು ಹಚ್ಚಿದ ಹಾಗೆ, ಬೇಕೆಂದೇ ಮಾಡುವ ಕೆಲಸ ಅದು.

ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಸಿಕ್ಕ ಸುಮಾರು 3.4 ಕೋಟಿ ವರ್ಷ ಹಳೆಯ ಕಣಜದ ಪಳೆಯುಳಿಕೆಯಲ್ಲೂ ಈ ಜೇಬುಗಳಿವೆ, ಒಳಗೆ ಪರಾಗವೂ ಇದೆ. ಈಗಿನ ಕಣಜದ ಪಕ್ಕ ಇಟ್ಟರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಮನುಷ್ಯ ಜಾತಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ಒಪ್ಪಂದ ಪಕ್ಕಾ ಆಗಿತ್ತು.

ಎರಡೂ ಕೆಲಸ ಮುಗಿದ ಮೇಲೆ ತಾಯಿ ಒಳಗೇ ಸಾಯುತ್ತದೆ. ಅದರ ರೆಕ್ಕೆ ಬಂದ ಬದುಕು ಒಂದು ದಿನ, ಹೆಚ್ಚೆಂದರೆ ಎರಡು ದಿನ.

ಇಲ್ಲಿ ಒಂದು ಅನುಮಾನ ಬರಬೇಕು. ಕಣಜ ಎಲ್ಲ ಹೂವುಗಳಲ್ಲೂ ಮೊಟ್ಟೆ ಇಟ್ಟುಬಿಟ್ಟರೆ ಮರಕ್ಕೆ ಬೀಜ ಎಲ್ಲಿಂದ? ಮರದ ಹತ್ತಿರ ಅದಕ್ಕೂ ಉಪಾಯ ಇದೆ. ಒಳಗಿನ ಹೂವುಗಳ ಕೊಳವೆ ಒಂದೇ ಅಳತೆಯವಲ್ಲ. ಕೆಲವು ಗಿಡ್ಡ, ಕೆಲವು ಉದ್ದ. ಗಿಡ್ಡ ಕೊಳವೆಯಲ್ಲಿ ಕಣಜದ ಸೂಜಿ ಸಲೀಸಾಗಿ ತಳ ಮುಟ್ಟುತ್ತದೆ, ಅಲ್ಲಿ ಮೊಟ್ಟೆ. ಉದ್ದದ್ದರಲ್ಲಿ ಮುಟ್ಟುವುದು ಕಷ್ಟ. ಆದರೆ ಪರಾಗ ಅದಕ್ಕೂ ಬಿದ್ದಿರುತ್ತದಲ್ಲ, ಹಾಗಾಗಿ ಅಲ್ಲಿ ಬೀಜ. ಒಂದೇ ಕಾಯಿಯಲ್ಲಿ ಕಣಜದ ಮರಿಗೂ ಪಾಲು, ಮರದ ಮರಿಗೂ ಪಾಲು. ಮೇಲ್ನೋಟಕ್ಕೆ ಮರ ಬಾಡಿಗೆ ಕೊಟ್ಟ ಹಾಗೆ ಕಾಣುತ್ತದೆ. ಸರಿಯಾಗಿ ನೋಡಿದರೆ ಅದೂ ಅಲ್ಲ. ಆ ಮರಿಗಳೇ ನಾಳೆ ಈ ಮರದ ಪರಾಗವನ್ನು ಹೊತ್ತು ಇನ್ನೊಂದು ಮರಕ್ಕೆ ಹೋಗಬೇಕು. ಮರ ತನ್ನ ಅಂಚೆಯವರನ್ನು ತಾನೇ ಸಾಕಿಕೊಳ್ಳುತ್ತಿದೆ.

ಪರಾಗ ತರದೆ ಬರೀ ಮೊಟ್ಟೆ ಇಟ್ಟು ಹೋಗುವ ಸೋಮಾರಿ ಕಣಜ ಬಂದರೆ? ಪನಾಮಾದ ಕಾಡುಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದ್ದಾರೆ. ಕಣಜವೇ ಮುತುವರ್ಜಿಯಿಂದ ಪರಾಗ ಹಾಕುವ ಜಾತಿಗಳಲ್ಲಿ, ಪರಾಗ ಬೀಳದ ಕಾಯಿಯನ್ನು ಮರ ಉದುರಿಸಿಬಿಡುವುದು ಜಾಸ್ತಿ. ಕಾಯಿ ಹೋದರೆ ಅದರೊಳಗಿನ ಮೊಟ್ಟೆಗಳೂ ಹೋದವು.

ಕೆಲವು ವಾರ ಕಾಯಿ ಸುಮ್ನೆ ದಪ್ಪಗಾಗುತ್ತಾ ಇರುತ್ತದೆ. ಬಾಗಿಲು ಮುಚ್ಚಿದೆ. ಒಳಗೆ ಬೀಜಗಳೂ ಮರಿಗಳೂ ಅಕ್ಕಪಕ್ಕದ ಕೋಣೆಗಳಲ್ಲಿ ಬೆಳೆಯುತ್ತಿವೆ. ಆಮೇಲೆ ಮೊದಲು ಏಳುವುದು ಗಂಡುಗಳು. ನೀವು ಕಾಯಿ ಒಡೆದಾಗ ಕಪ್ಪು ಹುಳುಗಳ ನಡುವೆ ಜೇನಿನ ಬಣ್ಣದ, ರೆಕ್ಕೆಯಿಲ್ಲದ, ಗೂನುಗೂನಾದ ಕೆಲವು ಕಂಡರೆ ಅವೇ ಗಂಡು. ಅವು ಹೆಣ್ಣಿನ ಜಾತಿಯವೇ ಅಂತ ನಂಬುವುದು ಕಷ್ಟ. ಕಣ್ಣು ಇದ್ದೂ ಇಲ್ಲದ ಹಾಗೆ. ಕತ್ತಲಲ್ಲಿ ಹುಟ್ಟಿದ್ದಕ್ಕೆ ಕಣ್ಣು ಯಾಕೆ, ಹಾರದೆ ಇರುವುದಕ್ಕೆ ರೆಕ್ಕೆ ಯಾಕೆ? ದವಡೆ ಮಾತ್ರ ಗಟ್ಟಿ. ಅವು ಹುಡುಕಿಕೊಂಡು ಹೋಗಿ, ಹೆಣ್ಣುಗಳು ಇನ್ನೂ ತಮ್ಮ ಕೋಣೆಯಲ್ಲಿರುವಾಗಲೇ ಗೋಡೆಗೆ ತೂತು ಕೊರೆದು ಕೂಡುತ್ತವೆ. ಮುಂದೆ ಎಲ್ಲ ಗಂಡುಗಳೂ ಸೇರಿ ಕಾಯಿಯ ಗೋಡೆ ಕೊರೆಯಲು ಶುರು ಮಾಡುತ್ತವೆ. ಆ ಸುರಂಗದಲ್ಲಿ ಅವಕ್ಕೆ ಯಾವ ಲಾಭವೂ ಇಲ್ಲ. ಹಾರಿಹೋಗುವುದು ಹೆಣ್ಣುಗಳು.

ಈ ಹೊತ್ತಿನ ಒಂದು ಸೂಕ್ಷ್ಮ ಅರಳಿ ಹಣ್ಣಿನಲ್ಲಿ ಪತ್ತೆಯಾಗಿದೆ. ಮುಚ್ಚಿದ ಹಣ್ಣಿನೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಆ ಗಾಳಿಯಲ್ಲಿ ಗಂಡುಗಳು ಚುರುಕು, ಹೆಣ್ಣುಗಳು ಮಂಪರು. ಗಂಡುಗಳು ಸುರಂಗ ಕೊರೆದು ಹೊರಗಿನ ಗಾಳಿ ನುಗ್ಗಿದ ತಕ್ಷಣ ಲೆಕ್ಕ ಉಲ್ಟಾ. ಹೆಣ್ಣುಗಳು ಎದ್ದು ಓಡಾಡತೊಡಗುತ್ತವೆ. ಬಾಗಿಲು ತೆರೆದಿದ್ದೇ ಅಲಾರಂ.

ಸರಿಯಾಗಿ ಇದೇ ಹೊತ್ತಿಗೆ ಕಾಯಿಯೊಳಗಿನ ಗಂಡು ಹೂವುಗಳು ಪರಾಗ ಬಿಡುತ್ತವೆ. ಹೆಣ್ಣು ಹೂವು ಅರಳಿ ವಾರಗಳಾದ ಮೇಲೆ, ಕಣಜಗಳು ಹೊರಡುವ ಹೊತ್ತಿಗೆ ಸರಿಯಾಗಿ. ಹೆಣ್ಣು ಕಣಜಗಳು ಜೇಬು ತುಂಬಿಕೊಂಡು ಸುರಂಗದಿಂದ ಹೊರಬರುತ್ತವೆ. ಅದಾದ ಮೇಲೆಯೇ ಕಾಯಿ ಮೆತ್ತಗಾಗಿ, ಕೆಂಪಾಗಿ, ಸಿಹಿಯಾಗುವುದು. ಮೊದಲೇ ಸಿಹಿಯಾದರೆ ಮಂಗವೋ ಬಾವಲಿಯೋ ಕಣಜಗಳ ಸಮೇತ ತಿಂದುಬಿಡುತ್ತಿತ್ತು. ಹುಡುಗಿ ಕಿತ್ತಿದ್ದು ಸುರಂಗ ಬೀಳುವುದಕ್ಕೆ ಸ್ವಲ್ಪ ಮುಂಚಿನ ಕಾಯಿ. ಕಣಜಗಳಿಗೆ ಅವಳ ಹೆಬ್ಬೆರಳೇ ಸುರಂಗವಾಯಿತು.

ಹಾಗಾದರೆ ನೆಲಕ್ಕೆ ಬಿದ್ದ ಕೆಂಪು ಹಣ್ಣಿನಲ್ಲಿ ಕಾಣುವ ಹುಳು ಯಾವುದು? ಅದರಲ್ಲಿ ಸತ್ತ ಗಂಡುಗಳಿರಬಹುದು, ಹೊರಡಲಾಗದೆ ಉಳಿದ ಕೆಲವು ಹೆಣ್ಣುಗಳಿರಬಹುದು. ಬಿಳಿಯ ಹುಳುಗಳು ಕಂಡರೆ ಅವು ಬಹುಮಟ್ಟಿಗೆ ನೊಣ ಅಥವಾ ಜೀರುಂಡೆಯ ಮರಿಗಳು, ಸುರಂಗ ತೆರೆದ ಮೇಲೆ ಬಂದು ಸೇರಿಕೊಂಡವು. ಅವನ್ನು ಬೇಕಾದರೆ ಹುಳುಕು ಅನ್ನಿ, ನನ್ನ ತಕರಾರಿಲ್ಲ.

ಈಗ ಒಂದು ಕಷ್ಟದ ಲೆಕ್ಕ. ಹೊರಬಂದ ಕಣಜದ ಹತ್ತಿರ ಇರುವುದು ಒಂದೆರಡು ದಿನ. ಅಷ್ಟರಲ್ಲಿ ಅದಕ್ಕೆ ಇನ್ನೊಂದು ಅತ್ತಿ ಕಾಯಿ ಸಿಗಬೇಕು, ಅದೂ ಹೆಣ್ಣು ಹೂವು ಅರಳಿರುವ ಹಂತದ್ದು. ಒಂದು ಮರದ ಕಾಯಿಗಳೆಲ್ಲ ಸಾಮಾನ್ಯವಾಗಿ ಒಟ್ಟಿಗೇ ಬಲಿಯುತ್ತವೆ, ಹಾಗಾಗಿ ಹುಟ್ಟಿದ ಮರದಲ್ಲಿ ಜಾಗ ಸಿಗುವುದು ಅಪರೂಪ. ಎಲ್ಲ ಅತ್ತಿ ಮರಗಳೂ ಮಾವಿನ ಹಾಗೆ ಒಂದೇ ಕಾಲದಲ್ಲಿ ಹೂ ಬಿಟ್ಟಿದ್ದರೆ ಕಣಜದ ವಂಶ ಒಂದೇ ವರ್ಷದಲ್ಲಿ ಮುಗಿಯುತ್ತಿತ್ತು. ಆದ್ದರಿಂದಲೇ ಈ ಮರಗಳು ಒಂದಕ್ಕೊಂದು ಹೊಂದಿಕೊಳ್ಳದೆ ತಮಗೆ ಬೇಕಾದಾಗ ಕಾಯಿ ಬಿಡುತ್ತವೆ. ನಮ್ಮ ಬೀದಿಯದು ಈಗ, ಮುಂದಿನ ಬಡಾವಣೆಯದು ಇನ್ನು ಹದಿನೈದು ದಿನಕ್ಕೆ, ಕೆರೆ ಏರಿಯ ಮೇಲಿನದು ಮತ್ಯಾವಾಗಲೋ. ಜನ ಇದನ್ನು ಮರದ ಹುಚ್ಚು ಅನ್ನುತ್ತಾರೆ. ನನಗಂತೂ ಈ ವಿಷಯದಲ್ಲಿ ಇದಕ್ಕಿಂತ ಚೆಂದದ ಭಾಗ ಇನ್ನೊಂದಿಲ್ಲ. ಒಂದು ದಿನ ಬದುಕುವ ಹುಳುವಿಗಾಗಿ ನೂರು ವರ್ಷ ಬದುಕುವ ಮರ ತನ್ನ ಕ್ಯಾಲೆಂಡರನ್ನೇ ಬದಲಿಸಿಕೊಂಡಿದೆ.

ಅಷ್ಟು ಚಿಕ್ಕ ಹುಳು ಎಷ್ಟು ದೂರ ಹೋದೀತು ಅಂತ ಕೇಳಬೇಡಿ. ನಮೀಬಿಯಾದ ಮರುಭೂಮಿಯಲ್ಲಿ ನದಿಯ ದಡದುದ್ದಕ್ಕೂ ಅತ್ತಿಯ ಒಂದು ಸೋದರ ಜಾತಿ ದೂರದೂರಕ್ಕೆ ಒಂದೊಂದು ಇದೆ. ಅಲ್ಲಿ ಮರಗಳ ವಂಶವಾಹಿ ಪರೀಕ್ಷೆ ಮಾಡಿ ನೋಡಿದಾಗ ಕಣಜಗಳು 160 ಕಿಲೋಮೀಟರ್‌ವರೆಗೂ ಪರಾಗ ಒಯ್ದದ್ದು ಗೊತ್ತಾಯಿತು. ಬೆಂಗಳೂರಿಂದ ಮೈಸೂರು ದಾಟಿದ ಹಾಗಾಯಿತು. ತಾನೇ ರೆಕ್ಕೆ ಬಡಿದು ಹೋಗುವುದಲ್ಲ, ಮರದ ತಲೆಯ ಮೇಲಕ್ಕೆ ಏರಿ ಗಾಳಿಗೆ ಮೈ ಕೊಡುತ್ತದೆ. ವಾಸನೆ ಸಿಕ್ಕ ಕಡೆ ಇಳಿಯುತ್ತದೆ.

ಇಷ್ಟು ಒಳ್ಳೆಯ ಅಡುಗೆ ಮನೆ ಇದ್ದ ಮೇಲೆ ಕಳ್ಳರು ಬಾರದೆ ಇರುತ್ತಾರೆಯೇ? ಅತ್ತಿಗೆ ಇನ್ನೂ ಹಲವು ಜಾತಿಯ ಕಣಜಗಳು ಬರುತ್ತವೆ. ಪರಾಗ ತರುವುದಿಲ್ಲ, ಬಾಗಿಲಿಂದ ಒಳಗೂ ಹೋಗುವುದಿಲ್ಲ. ಹೊರಗೆ ಕೂತು ಬಾಲದಂಥ ಉದ್ದ ಸೂಜಿಯನ್ನು ಕಾಯಿಯ ಗೋಡೆಗೆ ಇಳಿಸಿ ಒಳಗಿನ ಹೂವಿಗೋ ಮರಿಗೋ ಮೊಟ್ಟೆ ಇಡುತ್ತವೆ. ಕೂದಲಿಗಿಂತ ತೆಳುವಾದ ಸೂಜಿ, ಎದುರಿಗೆ ಬಲಿತ ಕಾಯಿಯ ಗಟ್ಟಿ ಗೋಡೆ. ಬಗ್ಗುವುದಿಲ್ಲವೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ನಮ್ರತಾ ಗುಂಡಯ್ಯ ಮತ್ತು ಜೊತೆಗಾರರು ಇದನ್ನೇ ನೋಡಿದರು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಹೀಗೆ ಹೊರಗಿಂದ ಕೊರೆಯುವ ಕಣಜದ ಸೂಜಿಯ ತುದಿಯಲ್ಲಿ ಗರಗಸದಂಥ ಹಲ್ಲುಗಳಿವೆ, ಆ ಹಲ್ಲುಗಳಲ್ಲಿ ಸತು ಸೇರಿದೆ. ಹುಳುವಿನ ಬಾಲದಲ್ಲಿ ಲೋಹದ ತುದಿಯ ಡ್ರಿಲ್! ಬಾಗಿಲಿಂದ ಮರ್ಯಾದೆಯಾಗಿ ಒಳಗೆ ಹೋಗುವ ನಮ್ಮ ಪರಾಗದ ಕಣಜದ ಸೂಜಿಯಲ್ಲಿ ಆ ಹಲ್ಲುಗಳಿಲ್ಲ. ಬೇಕಾಗಿಲ್ಲ.

ಅದೇ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ಅತ್ತಿ ಮರವನ್ನು ವರ್ಷಗಟ್ಟಲೆ ಬೆನ್ನು ಹತ್ತಿದೆ. ಕಳ್ಳ ಕಣಜಗಳಿಗೆ ಮರದ ಮೇಲೆ ಕಾವಲುಗಾರರಿದ್ದಾರೆ: ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಮಲೆನಾಡಿನವರು ಚಟ್ನಿ ಅರೆಯುವ ಅದೇ ಚಗಳಿ. ಕೊರೆಯಲು ಕೂತ ಕಣಜ ಸೂಜಿ ಒಳಗೆ ಇಳಿಸಿದ ಮೇಲೆ ಥಟ್ಟನೆ ಹಾರಲಾರದು, ಇರುವೆಗೆ ಅದೇ ಹೊತ್ತು ಬೇಕು. ಬೇಟೆಗಾರ ಇರುವೆಗಳು ಕಾಯಿಯ ಮತ್ತು ಕಣಜದ ವಾಸನೆ ಹಿಡಿದೇ ಬರುತ್ತವೆ ಅಂತ ಈ ತಂಡ ತೋರಿಸಿದೆ.

ಇನ್ನು ಟಿಕೆಟ್ ಇಲ್ಲದ ಪ್ರಯಾಣಿಕರು. ಕಾಯಿಯೊಳಗೆ ಕಣ್ಣಿಗೆ ಕಾಣದ ದಾರದಂಥ ಹುಳುಗಳೂ ಇರುತ್ತವೆ. ಅವಕ್ಕೆ ಇನ್ನೊಂದು ಮರಕ್ಕೆ ಹೋಗಲು ಹೆಣ್ಣು ಕಣಜವೇ ಬಸ್ಸು. ಬೇರೆ ಬಸ್ಸಿಲ್ಲ. ಬೋರ್ಜಸ್ ಅವರ ತಂಡ ನೋಡಿದ್ದು ಏನೆಂದರೆ, ಈ ಹುಳುಗಳು ಸಿಕ್ಕ ಬಸ್ಸಿಗೆ ಹತ್ತುವುದಿಲ್ಲ. ತಮ್ಮ ಜಾತಿಯವರು ಆಗಲೇ ಜಾಸ್ತಿ ಕೂತಿರುವ ಕಣಜವನ್ನು ಬಿಟ್ಟು, ಕಮ್ಮಿ ಇರುವುದನ್ನು ಆರಿಸುತ್ತವೆ. ನಾಲ್ಕೈದು ಜನ ಕೂತರೆ ಕಣಜಕ್ಕೆ ತೊಂದರೆ ಇಲ್ಲ. ಓವರ್‌ಲೋಡ್ ಆದರೆ ಅದು ದೂರ ಹೋಗಲಾರದು, ಗಾಡಿ ಕೆಟ್ಟರೆ ಪ್ರಯಾಣಿಕರೂ ಹೋದರು. ಸಂಜೆ ಆರಕ್ಕೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವ ನಮಗೆ ಈ ಬುದ್ಧಿ ಇನ್ನೂ ಬಂದಿಲ್ಲ.

ಈ ಕಥೆ ಹೇಳಿದಾಗೆಲ್ಲ ಯಾರಾದರೂ ಕೇಳುವ ಪ್ರಶ್ನೆ ಒಂದಿದೆ. ಹಾಗಾದರೆ ಅಂಜೂರ ಮಾಂಸಾಹಾರವೇ?

ಅಂಜೂರವೂ ಇದೇ ಕುಲ. ಆದರೆ ತೋಟದಲ್ಲಿ ಬೆಳೆಯುವ ಹೆಚ್ಚಿನ ತಳಿಗಳು ಪರಾಗವೇ ಬೇಡದೆ ಹಣ್ಣಾಗುತ್ತವೆ. ಶ್ರೀರಂಗಪಟ್ಟಣದ ಗಂಜಾಂ ಅಂಜೂರ, ಬಳ್ಳಾರಿ ಕಡೆಯ ಅಂಜೂರ, ಪುಣೆಯದು ಎಲ್ಲ ಆ ಥರದವು. ಅವುಗಳಲ್ಲಿ ಕಣಜಕ್ಕೆ ಕೆಲಸ ಇಲ್ಲ. ಟರ್ಕಿಯ ಸ್ಮಿರ್ನಾ ತಳಿಗೆ ಮಾತ್ರ ಕಣಜ ಬೇಕೇ ಬೇಕು. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತೋಟಗಾರರು ಆ ಗಿಡ ತರಿಸಿ ನೆಟ್ಟರು. ಮರ ಚೆನ್ನಾಗಿ ಬೆಳೆಯಿತು, ಕಾಯಿಯೂ ಬಿಟ್ಟಿತು, ಆದರೆ ಚಿಕ್ಕದಿರುವಾಗಲೇ ಎಲ್ಲ ಉದುರಿತು. ಟರ್ಕಿಯ ರೈತರು ಕಾಡು ಅಂಜೂರದ ಕಾಯಿಗಳನ್ನು ತಂದು ತೋಟದ ಮರಗಳಿಗೆ ತೂಗುಹಾಕುತ್ತಿದ್ದರು, ಅದರಲ್ಲಿ ಕಣಜ ಇರುತ್ತಿತ್ತು. ಕೊನೆಗೆ 1899ರಲ್ಲಿ ಕಣಜವನ್ನೇ ತಂದು ನೆಲೆಗೊಳಿಸಿದ ಮೇಲೆ ಹಣ್ಣು ನಿಂತಿತು.

ಈ ಸ್ಮಿರ್ನಾ ಕಥೆಯಲ್ಲಿ ಒಂದು ಮೋಸ ಇದೆ. ಅಂಜೂರದ ಜಾತಿಯಲ್ಲಿ ಮರಗಳು ಎರಡು ಬಗೆ. ಒಂದು ಕಣಜ ಸಾಕುವ ಮರ, ಇನ್ನೊಂದು ಬೀಜದ ಮರ. ನಾವು ತಿನ್ನುವುದು ಬೀಜದ ಮರದ ಹಣ್ಣು. ಅದರ ಹೂವುಗಳ ಕೊಳವೆ ಎಲ್ಲವೂ ಉದ್ದ. ವಾಸನೆ ನಂಬಿ ಒಳಹೊಕ್ಕ ಕಣಜ ಮೊಟ್ಟೆ ಇಡಲಾಗದೆ, ರೆಕ್ಕೆ ಕಳೆದುಕೊಂಡು ಹೊರಬರಲೂ ಆಗದೆ, ಪರಾಗ ಮಾತ್ರ ಕೊಟ್ಟು ಸಾಯುತ್ತದೆ. ಅಂಜೂರದಲ್ಲಿ ಫಿಸಿನ್ ಅನ್ನುವ ಕಿಣ್ವ ಇದೆ, ಪ್ರೋಟೀನನ್ನು ಕರಗಿಸುತ್ತದೆ. ಕಣಜದ ಮೈಯೂ ಬಹುಪಾಲು ಹಾಗೆ ಕರಗಿಹೋಗುತ್ತದೆ. ಹಲ್ಲಿಗೆ ಕುರುಕುರು ಸಿಗುವುದು ಬೀಜ, ಕಣಜ ಅಲ್ಲ.

ಅತ್ತಿಯಲ್ಲಿ ಹಾಗೆ ಹೇಳಲು ಬರುವುದಿಲ್ಲ. ಬೀಜ ಕಟ್ಟಿದ ಪ್ರತಿ ಹಣ್ಣಿನಲ್ಲೂ ಹುಳು ಇದ್ದೇ ಇತ್ತು. ಜೈನರಲ್ಲಿ ಪಂಚ ಉದುಂಬರ ಅಂತ ಅತ್ತಿ, ಆಲ, ಅರಳಿ ಮುಂತಾದ ಐದು ಹಣ್ಣುಗಳನ್ನು ತಿನ್ನಬಾರದು ಅನ್ನುವ ನಿಯಮ ಇದೆ. ಒಳಗಿನ ಜೀವಗಳೇ ಅದಕ್ಕೆ ಕಾರಣ. ಭೂತಗನ್ನಡಿ ಬರುವುದಕ್ಕೆ ಎಷ್ಟೋ ಮೊದಲು ಯಾರೋ ಐದನ್ನೂ ಒಡೆದು ನೋಡಿ ಒಂದೇ ಗುಂಪಿಗೆ ಸೇರಿಸಿದ್ದಾರೆ. ಸಸ್ಯಶಾಸ್ತ್ರಜ್ಞರು ಮಾಡಿದ ಗುಂಪೂ ಅದೇ. ಹಳ್ಳಿಯಲ್ಲಿ ಹಣ್ಣು ಒಡೆದು, ಉಫ್ ಅಂತ ಊದಿ, ಹುಳು ಹಾರಿಸಿ ತಿನ್ನುವವರೂ ಇದ್ದಾರೆ. ನಾನು ಎರಡನೇ ಗುಂಪು.

ಕಣಜ ಇಲ್ಲದ ಕಡೆ ಈ ಮರಗಳ ಪಾಡು ಏನು ಅಂತ ನೋಡಬೇಕೆಂದರೆ ಈಜಿಪ್ಟ್ ಇದೆ. ಅಲ್ಲಿ ಅತ್ತಿಯ ಸೋದರ ಜಾತಿಯೊಂದನ್ನು ಸಾವಿರಾರು ವರ್ಷದಿಂದ ಬೆಳೆಸುತ್ತಾರೆ, ಆದರೆ ಅದರ ಕಣಜ ಅಲ್ಲಿಲ್ಲ, ದಕ್ಷಿಣಕ್ಕೆ ಆಫ್ರಿಕಾದ ಒಳನಾಡಿನಲ್ಲೇ ಉಳಿದಿದೆ. ಹಾಗಾಗಿ ಬೀಜ ಕಟ್ಟುವುದಿಲ್ಲ. ಜನ ಕಾಯಿಗೆ ಚಾಕುವಿನಿಂದ ಗಾಯ ಮಾಡಿ ಹಣ್ಣಾಗಿಸುತ್ತಿದ್ದರು. ಹಳೆಯ ಗೋರಿಗಳಲ್ಲಿ ಸಿಕ್ಕ ಒಣಗಿದ ಹಣ್ಣುಗಳ ಮೇಲೂ ಆ ಗಾಯದ ಗುರುತಿದೆ. ಗಾಯವಾದರೆ ಕಾಯಿ ಎಥಿಲೀನ್ ಅನಿಲ ಬಿಡುತ್ತದೆ, ಬೇಗ ಹಣ್ಣಾಗುತ್ತದೆ. ಕಣಜದ ಕೆಲಸದಲ್ಲಿ ಅರ್ಧವನ್ನು ಚಾಕು ಮಾಡುತ್ತಿತ್ತು. ಇನ್ನರ್ಧ, ಅಂದರೆ ಬೀಜ, ಚಾಕುವಿನಿಂದ ಆಗುವುದಿಲ್ಲ.

1998ರಲ್ಲಿ ಬೋರ್ನಿಯೋದ ಲಂಬೀರ್ ಕಾಡಿನಲ್ಲಿ ಬಂದ ಭಾರೀ ಬರಕ್ಕೆ ಕೆಲವು ಜಾತಿಯ ಮರಗಳು ಕಾಯಿ ಬಿಡುವುದನ್ನು ನಿಲ್ಲಿಸಿದವು. ಮರ ಸಾಯಲಿಲ್ಲ. ಆದರೆ ಸರಪಳಿ ತುಂಡಾಯಿತು, ಆ ಜಾಗದ ಕಣಜಗಳು ನಾಶವಾದವು. ಬೇರೆ ಕಡೆಯಿಂದ ಕಣಜ ಬರುವವರೆಗೆ ಕಾಡಿನಲ್ಲಿ ಹಣ್ಣಿಲ್ಲ. ಅದು ಹುಳುವಿನ ನಷ್ಟ ಮಾತ್ರ ಅಲ್ಲ. ಜಗತ್ತಿನಲ್ಲಿ 1,200ಕ್ಕೂ ಹೆಚ್ಚು ಬಗೆಯ ಹಕ್ಕಿ ಮತ್ತು ಪ್ರಾಣಿಗಳು ಈ ಕುಲದ ಹಣ್ಣು ತಿನ್ನುತ್ತವೆ. ಪಶ್ಚಿಮ ಘಟ್ಟದಲ್ಲಿ ಮಂಗಟ್ಟೆ, ಕುಟ್ರುಹಕ್ಕಿ, ಹಸಿರು ಪಾರಿವಾಳ, ಮುಸುವ, ಬಾವಲಿ ಎಲ್ಲವೂ ಬೇರೆ ಹಣ್ಣಿಲ್ಲದ ತಿಂಗಳಲ್ಲಿ ಇವುಗಳ ಬುಡಕ್ಕೇ ಬರುವುದು. ವರ್ಷವಿಡೀ ಕಾಡಿನಲ್ಲಿ ಎಲ್ಲೋ ಒಂದು ಕಡೆ ಹಣ್ಣು ಇರುತ್ತದೆ, ಯಾಕೆಂದರೆ ಎಲ್ಲೋ ಒಂದು ಕಡೆ ಕಣಜಕ್ಕೆ ಜಾಗ ಇರಲೇಬೇಕು. ಮಂಗಟ್ಟೆಯ ಬೇಸಿಗೆ ಊಟದ ವ್ಯವಸ್ಥೆ ಮಾಡಿರುವುದು ಎರಡು ಮಿಲಿಮೀಟರಿನ ಹುಳು.

ಇದನ್ನೆಲ್ಲ ನಾನು ಹುಡುಗಿಗೆ ಇಷ್ಟು ಉದ್ದ ಹೇಳಲಿಲ್ಲ. ಬಾಗಿಲು, ರೆಕ್ಕೆ, ಜೇಬು, ಸುರಂಗ, ಇಷ್ಟು ಹೇಳುವಷ್ಟರಲ್ಲಿ ಅವಳಮ್ಮ ಊಟಕ್ಕೆ ಕರೆದರು. ಮಾರನೇ ಬೆಳಿಗ್ಗೆ ಸ್ಕೂಲ್ ವ್ಯಾನ್ ಬರುವ ಮೊದಲು ಇಬ್ಬರೂ ಮರದ ಹತ್ತಿರ ಹೋದೆವು. ಮೊಬೈಲ್ ಕ್ಯಾಮೆರಾವನ್ನು ಪೂರ್ತಿ ಜೂಮ್ ಮಾಡಿ ಒಂದೊಂದೇ ಕಾಯಿ ನೋಡಿದೆವು. ಮೂರನೇ ಗೊಂಚಲಲ್ಲಿ ಒಂದು ಕಾಯಿಯ ಮೇಲ್ಗಡೆ ಗುಂಡುಸೂಜಿ ತಲೆಯಷ್ಟು ತೂತು ಬಿದ್ದಿತ್ತು. ತೂತಿನ ಬಾಯಲ್ಲಿ ಎರಡು ಕೆಂಪಿರುವೆ ಕಾದು ನಿಂತಿದ್ದವು. ಒಳಗಿಂದ ಒಂದು ಕಪ್ಪು ತಲೆ ಇಣುಕಿತು, ಇರುವೆ ಹಿಡಿದುಕೊಂಡಿತು. ಇನ್ನೊಂದು ಇಣುಕಿತು, ಅದನ್ನೂ ಹಿಡಿಯಿತು. ಮೂರನೆಯದು ಇರುವೆಯ ಹೊಟ್ಟೆಯ ಕೆಳಗಿಂದಲೇ ನುಸುಳಿ ಕಾಯಿಯ ಮೇಲೆ ಹತ್ತಿ, ಮೀಸೆಯನ್ನು ಮುಂಗಾಲಿಂದ ಒರೆಸಿಕೊಂಡು, ನೇರ ಮೇಲಕ್ಕೆ ಹಾರಿತು. ಎಲೆಗಳ ನಡುವೆ ಎಲ್ಲಿ ಹೋಯಿತೋ ಕಾಣಲಿಲ್ಲ.

"ಯಾವ ಕಡೆ ಹೋಗತ್ತೆ ಅದು?" ಅಂದಳು.

ಕೆರೆ ಏರಿಯ ಮರದಲ್ಲಿ ಈಗ ಹಸಿರು ಕಾಯಿಗಳಿವೆ, ಗೋಲಿಗಿಂತ ಚಿಕ್ಕವು. ಗಾಳಿ ಅತ್ತ ಕಡೆಗೇ ಬೀಸುತ್ತಿತ್ತು.